ಹಸಿರು ದೀಪವನ್ನು ಕೆಂಪು ಮಾಡಿದ ಶನಿವಾರ

ಚಾರ್ಜರಿನ ಹಸಿರು ದೀಪ ಸರಿಯಾಗೇ ಹತ್ತಿತ್ತು. ಅದನ್ನು ಕೆಂಪು ಮಾಡಿದವನು ನಾನೇ. ಇದನ್ನು ಕೇಳಿದ ನನ್ನ ಜೊತೆಯ ವೈರ್‌ಮನ್‌ಗಳು ಈಗಲೂ ನಗುತ್ತಾರೆ. ಕೆಂಪು ಬಂದರೆ ಹಸಿರು ಮಾಡುವುದು ನಮ್ಮ ಕಸುಬು, ನೀನೊಬ್ಬ ಉಲ್ಟಾ ಮನುಷ್ಯ ಅನ್ನುತ್ತಾರೆ. ನಗಲಿ. ಆ ನಾಲ್ಕೈದು ದಿನ ನನ್ನ ಜಾಗದಲ್ಲಿ ಅವರಿದ್ದಿದ್ದರೆ ನಗು ಎಲ್ಲಿಂದ ಬರುತ್ತಿತ್ತೋ ನೋಡುತ್ತಿದ್ದೆ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ರೊಟ್ಟಿ ಕೇಂದ್ರ ನಡೆಸುವ ಅಕ್ಕ ಒಬ್ಬರಿದ್ದಾರೆ. ಮನೆಯ ಹಿಂದೆ ತಗಡಿನ ಚಪ್ಪರ, ಅದರಡಿ ಸಾಲು ಒಲೆ, ಒಂಬತ್ತು ಜನ ಹೆಣ್ಣುಮಕ್ಕಳು. ನಸುಕಿನಲ್ಲಿ ಶುರುವಾದ ರೊಟ್ಟಿ ಬಡಿಯುವ ಸದ್ದು ಒಂಬತ್ತರ ಹೊತ್ತಿಗೆ ನಿಲ್ಲುತ್ತದೆ. ಆಮೇಲೆ ಪಕ್ಕದ ಕಲ್ಲಿನ ಮೇಲೆ ಕುಳಿತು ಎಲ್ಲರೂ ಪಾತ್ರೆ ಭಾಂಡೆ ತಿಕ್ಕುತ್ತಾರೆ. ಆ ಜೂನಿನಲ್ಲಿ ಧಾರವಾಡದ ಮೂರು ಹಾಸ್ಟೆಲುಗಳಿಂದ ಅವರಿಗೆ ದೊಡ್ಡ ಆರ್ಡರು ಸಿಕ್ಕಿತ್ತು. ಸೋಮವಾರದಿಂದ ಶುರು, ದಿನಾ ಬೆಳಗ್ಗೆ ಏಳೂವರೆಯೊಳಗೆ ರೊಟ್ಟಿ ಅಲ್ಲಿರಬೇಕು. ಮೊದಲ ದಿನ ತಪ್ಪಿದರೆ ಎರಡನೆಯ ದಿನ ಬೇರೆಯವರು ಬರುತ್ತಾರೆ ಎಂದು ಹಾಸ್ಟೆಲಿನವರು ಮೊದಲೇ ಹೇಳಿಬಿಟ್ಟಿದ್ದರು. ಆ ಆರ್ಡರನ್ನು ನಂಬಿ ಅಕ್ಕ ಹಳೆಯ ಗೂಡ್ಸ್ ಆಟೋ ಮಾರಿ ಎಲೆಕ್ಟ್ರಿಕ್ ಕಾರು ತಂದಿದ್ದರು. ಹಿಂದಿನ ಸೀಟು ಮಡಚಿದರೆ ರೊಟ್ಟಿಯ ಡಬ್ಬಿಗಳು ಚೆನ್ನಾಗಿ ಕೂರುತ್ತಿದ್ದವು.

ಬುಧವಾರ ಬೆಳಗ್ಗೆ ಫೋನು ಬಂತು.

"ಅಣ್ಣಾರ, ಗಾಡಿ ಬಂದು ಅಂಗಳದಾಗ ನಿಂತೈತ್ರಿ. ಅದಕ್ಕ ಮೇವು ಹಾಕೂದು ಹೆಂಗಂತ ಗೊತ್ತಿಲ್ಲ. ಲಗೂನ ಬರ್ರಿ."

ಆ ಮನೆಯ ವೈರಿಂಗು ನನ್ನದೇ. ಹನ್ನೆರಡು ವರ್ಷದ ಹಿಂದೆ ಕಟ್ಟುವಾಗ ಮಾಡಿದ್ದು. ಹೋಗಿ ನೋಡಿದರೆ ಅಂಗಳದಲ್ಲಿ ಬಿಳಿ ಕಾರು, ಮೂತಿಗೆ ವಿಭೂತಿ ಕುಂಕುಮ. ಶೋರೂಮಿನವರು ಎರಡು ದಾರಿ ಹೇಳಿದ್ದರಂತೆ. ಒಂದು, ಗೋಡೆಗೆ ಕೂರಿಸುವ ದೊಡ್ಡ ಡಬ್ಬಿ. ತಾಸಿಗೆ ಏಳು ಯೂನಿಟ್ ತುಂಬುತ್ತದೆ. ಇನ್ನೊಂದು, ಕಾರಿನ ಜೊತೆಗೇ ಬಂದ ಸಣ್ಣ ಚಾರ್ಜರು. ಸಾಕೆಟ್ಟಿಗೆ ಚುಚ್ಚಿದರೆ ತಾಸಿಗೆ ಮೂರು ಯೂನಿಟ್ ಆಸುಪಾಸು.

"ದೊಡ್ಡದ ಛಲೋ ಅಂದಾರ್ರಿ ಶೋರೂಮಿನವ್ರು," ಅಂದರು ಅಕ್ಕ.

"ದೊಡ್ಡದು ಛಲೋನ ಐತ್ರಿ. ನಿಮ್ಮ ಮೀಟರ ಸಣ್ಣದೈತಿ," ಅಂದೆ.

ಬಿಲ್ಲು ತರಿಸಿ ನೋಡಿದೆ. ಮನೆಗೆ ಮಂಜೂರಾದ ಲೋಡು ಐದು ಕಿಲೋವ್ಯಾಟ್. ದೊಡ್ಡ ಡಬ್ಬಿ ಒಂದೇ ಏಳು ಕೇಳುತ್ತದೆ. ಹಿಟ್ಟಿನ ಗಿರಣಿ, ನೀರಿನ ಪಂಪು, ಫ್ರಿಜ್ಜು ಬೇರೆ. ಅದನ್ನು ಹಾಕಬೇಕೆಂದರೆ ಲೋಡು ಏರಿಸಲು ಅರ್ಜಿ, ಹೊಸ ಮೀಟರು, ಕಂಬದಿಂದ ಹೊಸ ತಂತಿ. ಸೋಮವಾರದೊಳಗೆ ಆಗುವ ಮಾತಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಹೇಳಿ ಅಂಗಳದ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದೆ. ಧಾರವಾಡಕ್ಕೆ ಹೋಗಿ, ಮೂರು ಹಾಸ್ಟೆಲು ಸುತ್ತಿ, ಬರುವಾಗ ಅಮರಗೋಳದ ಮಾರುಕಟ್ಟೆ ಯಾರ್ಡಿನಲ್ಲಿ ಜೋಳ ಹೇರಿಕೊಂಡು ಬಂದರೆ ಎಪ್ಪತ್ತು ಕಿಲೋಮೀಟರು. ಹನ್ನೊಂದು ಯೂನಿಟ್ ಹಿಡಿಯಿರಿ. ಸಣ್ಣ ಚಾರ್ಜರಿಗೆ ನಾಲ್ಕು ತಾಸಿನ ಕೆಲಸ. ಕಾರು ಹತ್ತು ಗಂಟೆಗೆ ಮನೆಗೆ ಬರುತ್ತದೆ. ಆ ಹೊತ್ತಿಗೆ ಗಿರಣಿ ನಿಂತಿರುತ್ತದೆ.

ಅಕ್ಕ ಲೆಕ್ಕ ನೋಡಿ ತಲೆಯಾಡಿಸಿದರು. "ಅಂದ್ರ ಒಲಿ ಆರಿದ ಮ್ಯಾಲ ಗಾಡಿಗೆ ಊಟ."

"ಅಷ್ಟ ರಿ."

ಅಕ್ಕನ ಯಜಮಾನರು ಅಮರಗೋಳದಲ್ಲಿ ಜೋಳದ ವ್ಯಾಪಾರಿ. ಅವರು ಪಡಸಾಲೆಯ ಪ್ಲಗ್ಗು ತೋರಿಸಿ, ಇಲ್ಲೇ ಚುಚ್ಚಿದರೆ ಆಗದೇ ಅಂದರು. ಆಗದು. ಇಸ್ತ್ರಿ ಪೆಟ್ಟಿಗೆ ಹತ್ತು ನಿಮಿಷ ಎಳೆಯುವ ಕರೆಂಟನ್ನು ಕಾರು ನಾಲ್ಕು ತಾಸು ಬಿಡದೆ ಎಳೆಯುತ್ತದೆ. ಇಂಥ ಪ್ಲಗ್ಗು ಕರಗಿ ಗೋಡೆ ಕಪ್ಪಾದದ್ದನ್ನು ನಾನು ನೋಡಿದ್ದೇನೆ. ಮೀಟರಿನ ಹತ್ತಿರದಿಂದ ಬೇರೆಯದೇ ದಪ್ಪ ತಾಮ್ರದ ಕೇಬಲ್ಲು, ಲೋಡು ಹೆಚ್ಚಾದರೆ ತಾನೇ ಬೀಳುವ ಬೇರೆ ಎಂಸಿಬಿ, ಬೇರೆ ಆರ್‌ಸಿಸಿಬಿ, ಮಳೆ ತಾಗದಂತೆ ಮುಚ್ಚಳವಿರುವ ಗಟ್ಟಿ ಸಾಕೆಟ್ಟು ಎಂದು ತೀರ್ಮಾನವಾಯಿತು. ಆರ್‌ಸಿಸಿಬಿ ಅಂದರೆ ಜೀವ ಉಳಿಸುವ ಸ್ವಿಚ್ಚು. ಹೋದ ಕರೆಂಟು ಪೂರ್ತಿ ಹಿಂದೆ ಬರದಿದ್ದರೆ, ಎಲ್ಲೋ ಯಾರ ಮೈಯಲ್ಲೋ ಇಳಿಯುತ್ತಿದೆ ಎಂದು ತಿಳಿದು ಕಣ್ಣು ಮಿಟುಕಿಸುವುದರೊಳಗೆ ಬಿದ್ದುಬಿಡುತ್ತದೆ.

ಅರ್ಥಿಂಗ್ ಪರೀಕ್ಷೆಯನ್ನೂ ಮಾಡಿದೆ. ಹೇಗೆ ಮಾಡಿದೆ ಅನ್ನುವುದೇ ಇಲ್ಲಿನ ಮುಖ್ಯ ಮಾತು. ಕರೆಂಟು ತರುವ ಫೇಸ್ ತಂತಿಗೂ ನೆಲಕ್ಕಿಳಿಯುವ ಅರ್ಥ್ ತಂತಿಗೂ ನಡುವೆ ನೂರು ವ್ಯಾಟಿನ ಬಲ್ಬು ಹಿಡಿದೆ. ಝಗ್ ಎಂದು ಹತ್ತಿತು. ನಮ್ಮ ಕಡೆ ಎಲ್ಲರೂ ಮಾಡುವ ಪರೀಕ್ಷೆ ಇದು. ಹಿಡಿಕೆ ತಿರುಗಿಸಿ ಭೂಮಿಯ ರೆಸಿಸ್ಟೆನ್ಸ್ ಅಳೆಯುವ ಮೀಟರು ನನ್ನ ಬಳಿ ಇದೆ, ಆದರೆ ಅದನ್ನು ಹೊತ್ತು ತರಲು ಸೋಮಾರಿತನ. ಬಲ್ಬು ಹತ್ತಿತಲ್ಲ, ಮುಗಿಯಿತು.

ಶುಕ್ರವಾರ ನಮಾಜು ಮುಗಿಸಿ ಬಂದು ಕೇಬಲ್ಲು ಎಳೆದೆ, ಸಾಕೆಟ್ಟು ಕೂರಿಸಿದೆ. ಅವತ್ತೇ ಅಕ್ಕ ಕಾರು ತೆಗೆದುಕೊಂಡು ರಾಯಾಪುರದ ಕಡೆ ಹೋಗಿ ಹೊರಗಿನ ಚಾರ್ಜರಿನಲ್ಲಿ ತುಂಬಿಸಲು ನೋಡಿದ್ದರು. ಒಂದು ಕೆಟ್ಟು ನಿಂತಿತ್ತು, ಇನ್ನೊಂದಕ್ಕೆ ಸರದಿ. ಒಂದೂವರೆ ತಾಸು ಕಾದು ಖಾಲಿ ಬಂದರು. ಬ್ಯಾಟರಿ ನೂರಕ್ಕೆ ಹದಿನಾಲ್ಕಕ್ಕೆ ಇಳಿದಿತ್ತು. ಇನ್ನು ಸೋಮವಾರ ಧಾರವಾಡ ಮುಟ್ಟುವುದು ಈ ಮನೆಯ ಸಾಕೆಟ್ಟಿನಿಂದಲೇ.

ಶನಿವಾರ ಹತ್ತು ಗಂಟೆಗೆ ಶೋರೂಮಿನ ಇಂಜಿನಿಯರ್ ಬಂದರು. ಚಾರ್ಜರು ಚುಚ್ಚಿದರು. ಈ ಚಾರ್ಜರುಗಳು ಮೊದಲು ಅರ್ಥಿಂಗ್ ಇದೆಯೇ ಎಂದು ತಾವೇ ನೋಡುತ್ತವೆ, ಇಲ್ಲದಿದ್ದರೆ ಕೆಂಪು ತೋರಿಸಿ ಹಟ ಹಿಡಿದು ಕೂರುತ್ತವೆ. ಇದು ಹಸಿರು ತೋರಿಸಿತು.

"ಅರ್ಥಿಂಗ್ ಏಕದಂ ಪರ್ಫೆಕ್ಟ್ ಐತ್ರಿ," ಅಂದು ಫೋಟೊ ಹೊಡೆದುಕೊಂಡು ಅವರು ಹೋದರು. ಅಕ್ಕ ನನ್ನ ಕೈಗೆ ಎರಡು ಪೇಢೆ ಇಟ್ಟರು.

ಕೆಲಸ ಮುಗಿದ ಮೇಲೆ ಅರ್ಥ್ ತಂತಿ ನೆಲ ಸೇರುವ ಗುಂಡಿಗೆ ಒಂದು ಕೊಡ ನೀರು ಸುರಿದು ಬರುವುದು ನನ್ನ ಉಸ್ತಾದರು ಕಲಿಸಿದ ರೂಢಿ. ಗುಂಡಿ ಮನೆಯ ಮಗ್ಗುಲಲ್ಲಿತ್ತು. ಮುಚ್ಚಳದ ಮೇಲೆ ಹಳೆಯ ಬೀಸುಕಲ್ಲು ಹೇರಿದ್ದರು. ಅದನ್ನು ಸರಿಸಿ ಮುಚ್ಚಳ ಎತ್ತಿದೆ. ಒಳಗೆ ಪೈಪು ಇತ್ತು. ಪೈಪಿಗೆ ತಂತಿ ಇರಲಿಲ್ಲ. ಗುಂಡಿಗೆ ಹಾಕಿದ್ದ ಉಪ್ಪು ತಿಂದು ತಂತಿ ತುಂಡಾಗಿ, ಗೋಡೆಯಿಂದ ಬಂದ ತುದಿ ಗಾಳಿಯಲ್ಲಿ ನೇತಾಡುತ್ತಿತ್ತು.

ಕೊಡ ಕೆಳಗಿಟ್ಟು ಅಲ್ಲೇ ಕುಳಿತೆ. ಈ ಮನೆಗೆ ಭೂಮಿಯ ಸಂಬಂಧವೇ ಇಲ್ಲ. ಹಾಗಿದ್ದರೆ ಬುಧವಾರ ಬಲ್ಬು ಹತ್ತಿದ್ದು ಹೇಗೆ? ಇವತ್ತು ಚಾರ್ಜರು ಹಸಿರು ತೋರಿಸಿದ್ದು ಯಾವ ಅರ್ಥಿಂಗ್ ನೋಡಿ?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನು ಎದ್ದು ಸೀದಾ ಮೆಟ್ಟಿಲ ಕೆಳಗಿನ ಹಳೆಯ ಬೋರ್ಡಿಗೆ ಹೋದೆ. ಮೇನ್ ಇಳಿಸಿ, ಮುಚ್ಚಳ ಬಿಚ್ಚಿದೆ. ಕರೆಂಟು ಹಿಂದೆ ಹೋಗುವ ನ್ಯೂಟ್ರಲ್ ಪಟ್ಟಿಯಿಂದ ಅರ್ಥ್ ಪಟ್ಟಿಗೆ ಒಂದು ಗೇಣು ಕಪ್ಪು ತಂತಿ. ಎರಡೂ ಕಡೆ ಟೇಪು. ಟೇಪಿನ ತುದಿ ಚಿಕ್ಕದಾಗಿ ಒಳಕ್ಕೆ ಮಡಚಿತ್ತು, ಮುಂದೆ ಬಿಚ್ಚಲು ಸುಲಭವಾಗಲಿ ಎಂದು. ಹುಬ್ಬಳ್ಳಿಯಲ್ಲಿ ಹಾಗೆ ಮಡಚುವವನು ನಾನೊಬ್ಬನೇ.

ಎಲ್ಲ ನೆನಪಾಯಿತು. ಗೃಹಪ್ರವೇಶದ ಹಿಂದಿನ ದಿನ. ಬಿರು ಬೇಸಿಗೆ, ಕಪ್ಪು ಎರೆ ಮಣ್ಣು ಕೈ ಹೋಗುವಷ್ಟು ಬಿರಿದಿತ್ತು. ಒಣಗಿದ ಎರೆ ಮಣ್ಣು ಪೈಪನ್ನು ಬಿಟ್ಟು ದೂರ ಸರಿಯುತ್ತದೆ, ಅರ್ಥಿಂಗ್ ಸತ್ತೇ ಹೋಗುತ್ತದೆ. ಹೊಸ ಫ್ರಿಜ್ಜು ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಮರುದಿನ ಊಟಕ್ಕೆ ಊರೆಲ್ಲ ಬರುತ್ತದೆ. ಅಂಥ ಹೊತ್ತಿಗೆ ನಮ್ಮ ಕಡೆಯ ವೈರ್‌ಮನ್‌ಗಳ ಬಳಿ ಒಂದು ಮದ್ದಿತ್ತು. ಅರ್ಥ್ ತಂತಿಯನ್ನು ನ್ಯೂಟ್ರಲ್ಲಿಗೆ ಕಟ್ಟಿಬಿಡು, ಮಳೆ ಬಿದ್ದ ಮೇಲೆ ಬಂದು ಬಿಚ್ಚು. ಕಟ್ಟಿದೆ. ಜುಮ್ ನಿಂತಿತು, ಎಲ್ಲರೂ ಶಹಬ್ಬಾಸ್ ಅಂದರು. ಆಮೇಲೆ ಹನ್ನೆರಡು ಮಳೆಗಾಲ ಬಂದು ಹೋದವು. ನಾನು ಬಿಚ್ಚಲು ಹೋಗಲಿಲ್ಲ. ಬುಧವಾರ ಬಲ್ಬು ಹತ್ತಿದ್ದೂ ಇವತ್ತು ಚಾರ್ಜರು ಹಸಿರಾದದ್ದೂ ಈ ತುಂಡು ತಂತಿಯಿಂದಲೇ. ಆಗ ಆ ಮನೆಗೆ ಆರ್‌ಸಿಸಿಬಿ ಇರಲಿಲ್ಲ, ಇದ್ದಿದ್ದರೆ ಅವತ್ತೇ ನನ್ನ ಕಳ್ಳತನ ಹಿಡಿಯುತ್ತಿತ್ತು.

ಇದರ ಅಪಾಯ ಏನೆಂದರೆ, ಕಂಬದಿಂದ ಮನೆಗೆ ಬರುವ ನ್ಯೂಟ್ರಲ್ ತಂತಿ ಎಲ್ಲಾದರೂ ಕಿತ್ತರೆ, ಕರೆಂಟು ಹಿಂದೆ ಹೋಗಲು ದಾರಿಯಿಲ್ಲದೆ ಅರ್ಥ್ ತಂತಿಗೆ ನುಗ್ಗುತ್ತದೆ. ಫ್ರಿಜ್ಜು, ಗಿರಣಿ, ಈಗ ಕಾರು, ಎಲ್ಲದರ ಮೈಗೂ ಮುಟ್ಟಿದವರನ್ನು ಕೊಲ್ಲುವಷ್ಟು ಕರೆಂಟು. ನಾನು ಹಾಕಿದ ಹೊಸ ಆರ್‌ಸಿಸಿಬಿ ಕೂಡ ಏನೂ ಮಾಡಲಾರದು, ಅದು ಅರ್ಥ್ ತಂತಿಯನ್ನು ಕತ್ತರಿಸುವುದಿಲ್ಲ.

ಸುಳ್ಳು ಯಾಕೆ ಹೇಳಲಿ, ಮೊದಲು ಬಂದ ಯೋಚನೆ ಒಳ್ಳೆಯದಲ್ಲ. ಈಗ ಮುಚ್ಚಿಬಿಡು, ಸೋಮವಾರ ದಾಟಲಿ, ಮುಂದಿನ ವಾರ ಸರ್ವಿಸಿಂಗ್ ಎಂದು ಹೇಳಿ ಬಂದು ಹೊಸ ಗುಂಡಿ ತೋಡಿಸಿ ಸದ್ದಿಲ್ಲದೆ ಸರಿಮಾಡು. ಹನ್ನೆರಡು ವರ್ಷ ಏನೂ ಆಗದ್ದು ಇನ್ನೆರಡು ದಿನದಲ್ಲಿ ಆಗುತ್ತದೆಯೇ? ಅಕ್ಕನ ಆರ್ಡರೂ ಉಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ. ಈ ಯೋಚನೆಯಲ್ಲೇ ಮುಚ್ಚಳ ಹಾಕಿ, ಎರಡು ಸ್ಕ್ರೂ ಬಿಗಿದು, ಮೇನ್ ಏರಿಸಿಯೂ ಬಿಟ್ಟೆ.

ಹೊರಗೆ ಬಂದು ನಿಂತೆ. ಮಳೆಗೆ ಮುಂಚಿನ ಗಾಳಿ ಎದ್ದಿತ್ತು. ಕಂಬದಿಂದ ಮನೆಗೆ ಬರುವ ತಂತಿ ಜೋಕಾಲಿಯಂತೆ ತೂಗುತ್ತಿತ್ತು. ಭಾಂಡೆ ತಿಕ್ಕುತ್ತಿದ್ದವರಲ್ಲಿ ಒಬ್ಬಾಕೆ ದೊಡ್ಡ ಬುಟ್ಟಿ ಎತ್ತುವ ಮೊದಲು, ಬರಿಗಾಲಲ್ಲಿ ನೀರಿನಲ್ಲಿ ನಿಂತು, ಒದ್ದೆ ಕೈಯನ್ನು ಕಾರಿನ ಮೇಲೆ ಊರಿ ಬೆನ್ನು ನೆಟ್ಟಗೆ ಮಾಡಿಕೊಂಡಳು. ನಾನು ಓಡಿಹೋಗಿ ಚಾರ್ಜರಿನ ಸ್ವಿಚ್ಚು ಆರಿಸಿ, ಪಿನ್ನು ಕಿತ್ತೆ. ಆಕೆ ಗಾಬರಿಯಾಗಿ ನನ್ನನ್ನೇ ನೋಡಿದಳು.

ಅಕ್ಕನನ್ನು ಕರೆದೆ.

"ಅಕ್ಕಾರ, ಒಂದ ಮಾತ ಹೇಳೂದೈತ್ರಿ. ಈ ಹಸರ ದೀಪ ಸುಳ್ಳ ಐತಿ."

ಇದ್ದದ್ದನ್ನೆಲ್ಲ ಹೇಳಿದೆ. ತುಂಡಾದ ತಂತಿ ತೋರಿಸಿದೆ, ಬೋರ್ಡು ಮತ್ತೆ ಬಿಚ್ಚಿ ಕಪ್ಪು ತಂತಿ ತೋರಿಸಿದೆ. ನ್ಯೂಟ್ರಲ್ ಹರಿದರೆ ಏನಾಗುತ್ತದೆ ಎಂದು ಹೇಳುವಾಗ ಅಕ್ಕ ಭಾಂಡೆ ತಿಕ್ಕುವ ಕಲ್ಲಿನ ಕಡೆ ತಿರುಗಿದರು.

"ಯಾರ ಕಟ್ಟಿದ್ದ್ರಿ ಇದನ್ನ?"

"ನಾನ ಕಟ್ಟಿದ್ದು ರಿ."

ಅಕ್ಕ ಬೋರ್ಡು ಬಿಟ್ಟು ಗಿರಣಿಯ ಕಡೆ ನೋಡಿದರು. "ಹನ್ನೆರಡ ವರ್ಷ ನಮ್ಮ ಹೆಣ್ಣಮಕ್ಕಳು ಈ ಗಿರಣಿಗೆ ಒದ್ದಿ ಕೈ ಹಚ್ಯಾರ."

"ಹೌದ್ರಿ."

"ಇದನ್ನ ಬಿಚ್ಚಿದ್ರ ಗಾಡಿ ಚಾರ್ಜ್ ಆಗ್ತೈತೇನ್ರಿ?"

"ಇಲ್ರಿ. ಹೊಸಾ ಗುಂಡಿ ತೋಡಬೇಕು. ನಾಳೆ ಒಂದ ದಿನಾ ಐತಿ. ಆಗ್ತೈತಿ ಅಂತ ಖಾತ್ರಿ ಹೇಳಾಂಗಿಲ್ರಿ. ನೆಲಾ ಹೆಂಗ ಸಿಗ್ತೈತೋ ಹಂಗ."

ಸೋಮವಾರ ಅವರ ಕಣ್ಣ ಮುಂದೆ ಬಂದಿರಬೇಕು. ನನ್ನ ಕಣ್ಣ ಮುಂದಂತೂ ಬಂದಿತ್ತು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಮೊದಲ ಬಿಚ್ಚ್ರಿ ಅದನ್ನ. ಬೈಯೂದು ಆಮ್ಯಾಲ ಬೈತೇನಿ."

ಬಿಚ್ಚಿದೆ. ಮಡಚಿಟ್ಟ ಟೇಪಿನ ತುದಿ ಸುಲಭವಾಗೇ ಬಂತು. ಪರೀಕ್ಷೆಗೆಂದು ಚಾರ್ಜರು ಚುಚ್ಚಿದೆ. ಕೆಂಪು ಹತ್ತಿತು. ಗುಂಡಿ ಆಗುವವರೆಗೆ ಗಿರಣಿ, ಫ್ರಿಜ್ಜು, ಪಂಪು ಯಾವುದನ್ನೂ ಹಚ್ಚಬೇಡಿ ಅಂದೆ. ಅಕ್ಕ ಸೋಮವಾರದ ಜೋಳವನ್ನು ಓಣಿಯ ಗಿರಣಿಗೆ ಕಳಿಸಿದರು. ಆರ್ಡರು ಉಳಿಯುತ್ತದೋ ಇಲ್ಲವೋ ತಿಳಿಯದೆ ಹಿಟ್ಟು ಬೀಸಿಸಿದ ಅವರ ಧೈರ್ಯ ನೋಡಿ ನನಗೆ ನಾಚಿಕೆಯಾಯಿತು.

ಭಾನುವಾರ ಯಾರ್ಡಿಗೆ ರಜೆ. ಯಜಮಾನರು ಇಬ್ಬರು ಹಮಾಲರನ್ನು ಕರೆತಂದಿದ್ದರು. ನನ್ನ ಜೊತೆ ಅವರು ಮಾತಾಡಲಿಲ್ಲ. ಸಾಕೆಟ್ಟಿಗೆ ಹತ್ತಿರವಾಗಲಿ ಎಂದು ಗೇಟಿನ ಪಕ್ಕ ಗುರುತು ಹಾಕಿದೆ. ಮೂರು ಅಡಿ ಇಳಿದ ಮೇಲೆ ಗುದ್ದಲಿ ಖಣ್ ಅಂದಿತು. ಮನೆ ಕಟ್ಟುವಾಗ ಹೂತ ಇಟ್ಟಂಗಿ ಚೂರು, ಕಲ್ಲು, ಒಡೆದ ಹೆಂಚು. ಹಟಕ್ಕೆ ಬಿದ್ದು ಅಲ್ಲೇ ಅರ್ಥಿಂಗಿನ ರಾಡು ಬಡಿಸಿದೆ. ಈ ಸಲ ಮೀಟರು ತಂದಿದ್ದೆ. ಹಿಡಿಕೆ ತಿರುಗಿಸಿದರೆ ಮುಳ್ಳು ನಲವತ್ತು ಓಮ್ ದಾಟಿ ನಿಂತಿತು. ನನಗೆ ಐದರೊಳಗೆ ಬೇಕು. ಹನ್ನೊಂದು ಗಂಟೆ ಆಗಿತ್ತು, ಅರ್ಧ ದಿನ ಕಲ್ಲಿನಲ್ಲಿ ಹೋಯಿತು.

"ಚಾಚಾ, ಇಲ್ಲಿ ಭೂಮ್ತಾಯಿ ಇಲ್ಲ, ಬರೇ ಗೌಂಡಿ ಕಸಾ ಐತಿ," ಅಂದ ಹಮಾಲರಲ್ಲೊಬ್ಬ.

ಅವನ ಮಾತಿಗೆ ನನಗೂ ನಗು ಬಂತು. ಎದ್ದು ಮನೆಯ ಸುತ್ತ ಒಂದು ಸುತ್ತು ಹಾಕಿದೆ. ಎಲ್ಲ ಕಡೆ ನೆಲ ಬಿರಿದಿತ್ತು. ಒಂದೇ ಕಡೆ ಬಿರಿದಿರಲಿಲ್ಲ. ಭಾಂಡೆ ತೊಳೆದ ನೀರು ಹರಿದು ಹೋಗುವ ಹಿತ್ತಲ ಮೂಲೆ. ಅಲ್ಲಿ ಬಿಲ್ವಪತ್ರಿ ಗಿಡ, ಅಕ್ಕ ದಿನಾ ಲಿಂಗಪೂಜೆಯ ಪತ್ರಿ ಹರಿಯುವುದು ಅದರಿಂದಲೇ. ಇಲ್ಲಿ ತೋಡಬೇಕು ಅಂದಾಗ ಯಜಮಾನರು ಮೊದಲ ಸಲ ಬಾಯಿ ಬಿಟ್ಟರು.

"ಗುಂಡಿಗೆ ಉಪ್ಪ ಹಾಕ್ತೀರಿ. ಗಿಡಾ ಉಳಿಯೂದಿಲ್ರಿ."

ಮಾತು ಸರಿಯಾಗಿತ್ತು. ಉಪ್ಪು ಇದ್ದಿಲು ಸುರಿಯುವ ಹಳೆಯ ಪದ್ಧತಿ ಗಿಡವನ್ನು ಸುಡುತ್ತದೆ, ತಂತಿಯನ್ನೂ ತಿನ್ನುತ್ತದೆ. ಹಳೆಯ ಗುಂಡಿಯಲ್ಲಿ ಕಣ್ಣಾರೆ ನೋಡಿದ್ದೆನಲ್ಲ. ಉಪ್ಪು ಬೇಡ, ಬೆಂಟೋನೈಟ್ ಪುಡಿ ಹಾಕುತ್ತೇನೆ ಅಂದೆ. ಅದು ಒಂದು ಜಾತಿಯ ಜೇಡಿಮಣ್ಣು. ನೀರು ಕುಡಿದು ಉಬ್ಬಿ ರಾಡನ್ನು ಬಿಗಿಯಾಗಿ ಹಿಡಿಯುತ್ತದೆ, ಬೇಸಿಗೆಯಲ್ಲೂ ಬೇಗ ಒಣಗುವುದಿಲ್ಲ. ಭಾನುವಾರ ಅಂಗಡಿ ಮುಚ್ಚಿರುತ್ತದೆ. ಅಂಗಡಿಯವರ ಮನೆಗೆ ಹೋಗಿ, ಊಟಕ್ಕೆ ಕುಳಿತವರನ್ನು ಎಬ್ಬಿಸಿ, ಶಟರ್ ಎತ್ತಿಸಿ ಎರಡು ಚೀಲ ಪುಡಿ, ಇನ್ನೆರಡು ತಾಮ್ರ ಲೇಪದ ರಾಡು ತಂದೆ. ಅವರು ಬೈದದ್ದನ್ನು ಇಲ್ಲಿ ಬರೆಯಲಾರೆ.

ಹಿತ್ತಲ ಮೂಲೆಯಲ್ಲಿ ಗುದ್ದಲಿ ಬೆಣ್ಣೆಗೆ ಇಳಿದಂತೆ ಇಳಿಯಿತು. ಬೇರು ಕಡಿಯದಂತೆ ಗಿಡದಿಂದ ದೂರ ಸರಿದು ಹತ್ತು ಅಡಿಯ ರಾಡು ಬಡಿದೆವು, ಪುಡಿಯನ್ನು ಅಂಬಲಿಯ ಹದಕ್ಕೆ ಕಲಸಿ ಸುತ್ತ ಸುರಿದೆವು. ಹಿಡಿಕೆ ತಿರುಗಿಸಿದೆ. ಒಂಬತ್ತು ಓಮ್. ಚಾರ್ಜರಿಗೆ ಇಷ್ಟು ಸಾಕಾಗುತ್ತಿತ್ತೇನೋ. ನನಗೆ ಸಾಕಾಗಲಿಲ್ಲ. ಆ ನೀರು ಹರಿಯುವ ದಾರಿಯಲ್ಲೇ ಹತ್ತು ಅಡಿ ಮುಂದೆ ಎರಡನೆಯ ರಾಡು ಬಡಿಸಿ, ಎರಡನ್ನೂ ತಾಮ್ರದ ಪಟ್ಟಿಯಿಂದ ಬೋಲ್ಟು ಹಾಕಿ ಜೋಡಿಸಿದೆ. ಮತ್ತೆ ಹಿಡಿಕೆ. ಮುಳ್ಳು ಇಳಿಯುತ್ತ ಇಳಿಯುತ್ತ ನಾಲ್ಕರ ಕೆಳಗೆ ಹೋಗಿ ನಿಂತಿತು.

ಅಲ್ಲಿಂದ ಬೋರ್ಡಿನ ಅರ್ಥ್ ಪಟ್ಟಿಗೆ ಹೊಸ ತಂತಿ ಎಳೆದು, ಸಂಜೆ ಐದಕ್ಕೆ ಚಾರ್ಜರು ಚುಚ್ಚಿದೆ. ಹಸಿರು. ಯಜಮಾನರು ನನ್ನ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕುಳಿತು ಅದನ್ನೇ ನೋಡುತ್ತಿದ್ದರು. "ಇದು ಖರೇ ಹಸರೇನ್ರಿ?" ಅಂದರು. ಮೇನ್ ಬೋರ್ಡು ಬಿಚ್ಚಿಯೇ ಇಟ್ಟಿದ್ದೆ, ಕರೆದುಕೊಂಡು ಹೋಗಿ ನ್ಯೂಟ್ರಲ್ ಪಟ್ಟಿ ಬೇರೆ, ಅರ್ಥ್ ಪಟ್ಟಿ ಬೇರೆ ಎಂದು ತೋರಿಸಿದೆ. ಆಮೇಲೆ ನನಗೊಂದು ಲೋಟ ನೀರು ತಂದುಕೊಟ್ಟರು.

ಸೋಮವಾರ ಬೆಳಗ್ಗೆ ನನಗೆ ಚಹಾ ಸೇರಲಿಲ್ಲ. ಏಳೂಕಾಲಿಗೆ ಅಕ್ಕನ ಫೋನು ಬಂತು. "ಮುಟ್ಟಿದ್ವಿ ರಿ. ಮೂರನೇ ಹಾಸ್ಟೆಲಿನ್ಯಾಗ ಇಳಸಾಕತ್ತೇವಿ." ಇಷ್ಟೇ. ಫೋನು ಇಟ್ಟ ಮೇಲೆ ಗೋಡೆಗೆ ಒರಗಿ ನಿಂತೆ. ಅಷ್ಟು ನಿರಾಳವಾಗಿ ನಾನು ಯಾವತ್ತೂ ಉಸಿರು ಬಿಟ್ಟಿರಲಿಲ್ಲ. ಮನೆಯಾಕೆಗೆ ಚುರುಮುರಿ ಗಿರಮಿಟ್ ಮಾಡು, ಹಸಿವಾಗಿದೆ ಅಂದೆ.

ಮಧ್ಯಾಹ್ನ ಹೋಗಿ ನೋಡಿದೆ. ಮೂರು ತಾಸು ಚಾರ್ಜ್ ಆದ ಮೇಲೂ ಸಾಕೆಟ್ಟು ಕೈಗೆ ತಣ್ಣಗಿತ್ತು. ಹೆಣ್ಣುಮಕ್ಕಳು ಭಾಂಡೆ ಬೋರಲು ಹಾಕುತ್ತಿದ್ದರು. ಅಕ್ಕ ಚಹಾ ತಂದಿಟ್ಟು ಎದುರಿಗೆ ಕುಳಿತರು. ಬೈಗುಳಕ್ಕೆ ತಯಾರಾಗಿದ್ದೆ. ಅವರು ಬೈಯಲಿಲ್ಲ.

"ಅಣ್ಣಾರ, ಹಿಂಗ ಇನ್ನ ಎಷ್ಟ ಮನ್ಯಾಗ ಕಟ್ಟೀರಿ?"

ಚಹಾದ ಕಪ್ಪು ಕೈಯಲ್ಲೇ ಉಳಿಯಿತು. ಮನಸ್ಸಿನಲ್ಲಿ ಓಣಿಗಳನ್ನು ಎಣಿಸಿದೆ. ಆ ಕಾಲದ ಬೇಸಿಗೆಗಳು, ಮುಹೂರ್ತಗಳು, ಅವಸರಗಳು. "ಆರೇಳ ಇರಬೇಕ್ರಿ," ಅಂದೆ.

"ಅವ್ರಿಗೆ ಗೊತ್ತೈತೇನ್ರಿ?"

"ಇಲ್ರಿ."

ಅಕ್ಕ ನನ್ನ ಕೈಯಿಂದ ಕಪ್ಪು ತೆಗೆದುಕೊಂಡು ಕಟ್ಟೆಯ ಮೇಲಿಟ್ಟರು. "ಹಂಗಾರ ಏಳ್ರಿ. ಚಹಾ ನಾಳೆ ಕುಡೀರಂತ."

ಮೊದಲ ಮನೆ ಎರಡು ಓಣಿ ಆಚೆ, ನಿವೃತ್ತ ಮಾಸ್ತರೊಬ್ಬರದು. ಬಾಗಿಲು ತೆರೆದ ಮಾಸ್ತರು ಕನ್ನಡಕ ಏರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನಪಾ, ಹತ್ತ ಸಲ ಫೋನ್ ಹಚ್ಚಿದ್ರೂ ಬರಾವಲ್ಲ ನೀ. ಇವತ್ತ ಯಾರೂ ಕರೀಲಾರದ ಹೆಂಗ ಬಂದಿ?"

"ಸರ್, ನಿಮ್ಮ ಮನ್ಯಾಗ ನಂದೊಂದ ತಪ್ಪ ಉಳದೈತ್ರಿ," ಅಂದೆ. "ಬಿಚ್ಚಿಕೊಂಡ ಹೋಗಾಕ ಬಂದೇನಿ."

ಮಾಸ್ತರು ಕನ್ನಡಕ ತೆಗೆದು ಕಿಸೆಗೆ ಹಾಕಿಕೊಂಡರು. ಆಮೇಲೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.